ನೆರೂಳಿಗೆ ಬಂದ ಡಿಸ್ಕೊ, ಬೆಂಗಳೂರಿನಿಂದ ಹೊರಟ ತಾಳ

ನೆರೂಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2019ರ ನವೆಂಬರ್ 16ರ ಶನಿವಾರ ಜರಗಿದ ಸಂಗೀತೋತ್ಸವಕ್ಕೆ ಅಮೆರಿಕದ ಕೇಟಿ ಪೆರ್ರಿಯೊಂದಿಗೆ ಲಂಡನ್ನಿನ ಗಾಯಕಿ ದುವಾ ಲಿಪಾ ಕೂಡ ಬಂದಿದ್ದರು. ಆಕೆಗೆ ಆಗ 24ರ ಹರೆಯ. ಡೊಂಬಿವಲಿ, ಕಲ್ಯಾಣ್ ಕಡೆಯ ಕಾಲೇಜು ಮಕ್ಕಳಿಗೆ ಇಂಥ ಕಾರ್ಯಕ್ರಮಗಳೆಂದರೆ ಮೊದಲು ಟೆರೇಸಿನ ಮೇಲಿಂದ ಕೇಳಿಬರುವ ಸುದ್ದಿಯಂತಿತ್ತು, ಎಲ್ಲವೂ ದಕ್ಷಿಣ ಮುಂಬಯಿಯಲ್ಲಿಯೋ ಬಾಂದ್ರಾದಲ್ಲಿಯೋ ನಡೆಯುತ್ತಿತ್ತು. ನೆರೂಳಿನ ಮೈದಾನ ಈ ಲೆಕ್ಕವನ್ನು ಬದಲಿಸಿತು. ಕಲ್ಯಾಣಿನಿಂದ ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿದರೆ ಐರೋಳಿ, ಘನ್ಸೋಲಿ, ತುರ್ಭೆ ದಾಟಿ ನೆರೂಳು. ಭಾರತದ ಮಹಿಳಾ ತಂಡ 2025ರ ನವೆಂಬರ್ 2ರಂದು ವಿಶ್ವಕಪ್ ಗೆದ್ದದ್ದು ಇದೇ ಮೈದಾನದಲ್ಲಿ.

ಆ ಸಂಜೆಯ ಮಟ್ಟಿಗೆ ಗಮನಿಸಬೇಕಾದ ಒಂದು ಸಂಗತಿಯಿದೆ. ದುವಾ ಲಿಪಾ ನೆರೂಳಿಗೆ ಬಂದಾಗ ಆಕೆಯ ಎರಡನೆಯ ಸ್ಟುಡಿಯೊ ಆಲ್ಬಮ್ ಇನ್ನೂ ಹೊರಬಂದಿರಲಿಲ್ಲ. ಅದರ ಮೊದಲ ಹಾಡು 'ಡೋಂಟ್ ಸ್ಟಾರ್ಟ್ ನೌ' ಬಿಡುಗಡೆಯಾಗಿ ಸುಮಾರು ಎರಡು ವಾರವಷ್ಟೇ ಕಳೆದಿತ್ತು. ಕೇಳಿದವರಿಗೆಲ್ಲ ಒಂದು ಮಾತು ಸ್ಪಷ್ಟವಾಗಿತ್ತು: ಬರಲಿರುವ ಆಲ್ಬಮ್ ಡಿಸ್ಕೊ ದಾರಿಯದು. ಸತ್ತೇಹೋಯಿತು ಎಂದು ನಲವತ್ತು ವರ್ಷಗಳ ಹಿಂದೆ ಅಮೆರಿಕದವರು ಷರಾ ಬರೆದಿದ್ದ ಡಿಸ್ಕೊ!

ಆ ಡಿಸ್ಕೊ ತಾಳ ಹಿಂದಿ ಹಾಡಿಗೆ, ಹಿಂದಿ ಹಾಡಿನ ಮೂಲಕ ನಮ್ಮ ಗಣೇಶೋತ್ಸವಕ್ಕೆ, ನವರಾತ್ರಿಗೆ, ಸಂಘದ ವಾರ್ಷಿಕೋತ್ಸವದ ವೇದಿಕೆಗೆ ಬಂದ ದಾರಿಯಲ್ಲಿ ಒಂದು ಮುಖ್ಯ ನಿಲ್ದಾಣ ಬೆಂಗಳೂರು. ಇದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ನಮ್ಮ ವೇದಿಕೆಗಳಲ್ಲಿ ಆ ಹಾಡುಗಳು ಮೊಳಗುವಾಗ ಅದನ್ನು ಮಾಡಿದ ಬೆಂಗಳೂರಿನವರ ಹೆಸರನ್ನು ನಿರೂಪಕರು ಹೇಳುವುದು ಅಪರೂಪ. ನಾಯಕ ನಟನ ಹೆಸರು ಬರುತ್ತದೆ, ಸಿನಿಮಾದ ಹೆಸರು ಬರುತ್ತದೆ, ಅಷ್ಟೇ.

ಬೀಗಮುದ್ರೆಯ ದಿನ ಬಂದ ಆಲ್ಬಮ್

ದುವಾ ಲಿಪಾ ಹುಟ್ಟಿದ್ದು 1995ರ ಆಗಸ್ಟ್ 22ರಂದು ಲಂಡನ್ನಿನಲ್ಲಿ. ತಂದೆ-ತಾಯಿ ಕೊಸೊವೊದ ಅಲ್ಬೇನಿಯನ್ನರು. ತೊಂಬತ್ತರ ದಶಕದ ಆರಂಭದಲ್ಲಿ ಊರು ಬಿಟ್ಟು ಲಂಡನ್ ಸೇರಿದವರು, ಅಲ್ಲಿ ಹೋಟೆಲು-ಬಾರುಗಳಲ್ಲಿ ದುಡಿದು ಸಂಸಾರ ಸಾಗಿಸಿದವರು. ತಂದೆ ಊರಿನಲ್ಲಿ ರಾಕ್ ಹಾಡುಗಾರರಾಗಿದ್ದರು. ಮುಂಬಯಿಗೆ ಬಂದು ಕ್ಯಾಂಟೀನಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಕಥೆಗಳನ್ನು ಕೇಳಿ ಬೆಳೆದ ನಮ್ಮವರಿಗೆ ಈ ಸಂಸಾರವನ್ನು ಪರಿಚಯ ಮಾಡಿಸಬೇಕಾಗಿಲ್ಲ. ಕೊಸೊವೊ 2008ರಲ್ಲಿ ಸ್ವತಂತ್ರವಾದಾಗ ಮನೆಯವರು ಊರಿಗೆ ಮರಳಿದರು. ಮಗಳು ಹದಿನೈದರ ಹರೆಯದಲ್ಲಿ ಹಾಡಬೇಕೆಂದು ಹಟ ಹಿಡಿದು ಒಬ್ಬಳೇ ಲಂಡನ್ನಿಗೆ ವಾಪಸಾದಳು.

ಎರಡನೆಯ ಆಲ್ಬಮ್ಮಿನ ಹೆಸರು 'ಫ್ಯೂಚರ್ ನೊಸ್ಟಾಲ್ಜಿಯಾ'. ಮುಂದಿನ ಕಾಲದ ಹಳೆಯ ನೆನಪು ಎಂದು ಅರ್ಥ ಮಾಡಿಕೊಳ್ಳಬಹುದು. ತಂದೆ-ತಾಯಿ ಮನೆಯಲ್ಲಿ ಕೇಳುತ್ತಿದ್ದ ಸಂಗೀತದಿಂದ ಸ್ಫೂರ್ತಿ ಪಡೆದು ಮಾಡಿದ ಹಾಡುಗಳು. ಹನ್ನೊಂದು ಹಾಡು, ಒಟ್ಟು ನಲವತ್ತು ನಿಮಿಷವೂ ಇಲ್ಲ. 2020ರ ಏಪ್ರಿಲ್ 3ಕ್ಕೆ ಬಿಡುಗಡೆ ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಹಾಡುಗಳು ಸೋರಿಕೆಯಾದವು, ಜಗತ್ತನ್ನು ಕೊರೊನಾ ಹಿಡಿದಿತ್ತು. ದಿನ ಮುಂದಕ್ಕೆ ಹಾಕುವ ಬದಲು ಹಿಂದಕ್ಕೆ ತಂದು ಮಾರ್ಚ್ 27ರಂದೇ ಬಿಡುಗಡೆ ಮಾಡಲಾಯಿತು. ನಮ್ಮಲ್ಲಿ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾಗಿ, ಲೋಕಲ್ ಗಾಡಿಗಳು ನಿಂತು, ಡೊಂಬಿವಲಿ ಸ್ಟೇಷನ್ ಖಾಲಿ ಬಿದ್ದಿದ್ದ ವಾರ ಅದು. ಕುಣಿಯಲೆಂದೇ ಮಾಡಿದ ಆಲ್ಬಮ್ ಕುಣಿಯುವ ಜಾಗಗಳಿಗೆಲ್ಲ ಬೀಗ ಬಿದ್ದ ದಿನ ಬಂತು. ಮುಳುಗಬೇಕಿತ್ತು. ಆದರೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, 2021ರ ಮಾರ್ಚ್‌ನಲ್ಲಿ ಗ್ರಾಮಿ ಪ್ರಶಸ್ತಿಯನ್ನೂ ಪಡೆಯಿತು. ಅದರ 'ಲೆವಿಟೇಟಿಂಗ್' ಹಾಡು ಅಮೆರಿಕದ ಬಿಲ್‌ಬೋರ್ಡ್ ವಾರದ ಪಟ್ಟಿಯಲ್ಲಿ ಒಮ್ಮೆಯೂ ಒಂದನೆಯ ಸ್ಥಾನಕ್ಕೆ ಬಾರದೆ, 2021ರ ಇಡೀ ವರ್ಷದ ಪಟ್ಟಿಯಲ್ಲಿ ಮಾತ್ರ ಒಂದನೆಯದಾಯಿತು. ತಿಂಗಳ ಕೊನೆಗೆ ದೊಡ್ಡ ಮೊತ್ತ ತೋರಿಸದೆ ವರ್ಷದ ಕೊನೆಗೆ ಒಳ್ಳೆಯ ಬಡ್ಡಿ ತಂದ ಖಾತೆಯ ಹಾಗೆ.

ಡಿಸ್ಕೊ ಎಂದರೇನು ಎಂದು ಹಿರಿಯರು ಕೇಳಬಹುದು. ತುಂಬ ಸರಳ. ಭಜನೆಯಲ್ಲಿ ತಾಳ ಹಿಡಿದವರು ಒಂದೂ ಎಣಿಕೆ ಬಿಡದೆ ಸಮನಾಗಿ ಕುಟ್ಟುತ್ತ ಹೋಗುತ್ತಾರಲ್ಲ, ಹಾಗೆ ನಾಲ್ಕು ಎಣಿಕೆಗೂ ದೊಡ್ಡ ಡ್ರಮ್ಮಿನ ಒಂದೊಂದು ಪೆಟ್ಟು. ಎರಡು ಪೆಟ್ಟುಗಳ ನಡುವಿನ ಖಾಲಿಯಲ್ಲಿ ಕಂಚಿನ ತಟ್ಟೆಯ ಝಂಕಾರ. ಅದರ ಮೇಲೆ ಕುಣಿಯುವ ಬೇಸ್ ಗಿಟಾರು, ಮೇಲೆ ಪಿಟೀಲುಗಳ ಸಮೂಹ. 'ಡೋಂಟ್ ಸ್ಟಾರ್ಟ್ ನೌ' ಹಾಡಿನಲ್ಲಿ ನಿಮಿಷಕ್ಕೆ 124 ಪೆಟ್ಟು, ಎಂದರೆ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುವಷ್ಟರಲ್ಲಿ ಎರಡು. ಮೆಟ್ಟಿಲು ಬೇಗಬೇಗ ಹತ್ತಿದವರ ಎದೆಬಡಿತವೂ ಸುಮಾರು ಇಷ್ಟೇ ಇರುತ್ತದೆ. ನೃತ್ಯ ಕಲಿಯದವರ ಕಾಲೂ ಈ ತಾಳಕ್ಕೆ ತಪ್ಪದೆ ಬೀಳುತ್ತದೆ. ಅದೇ ಅದರ ಗುಟ್ಟು.

ಎಪ್ಪತ್ತರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ, ಹೆಚ್ಚಾಗಿ ಕರಿಯರು, ಲ್ಯಾಟಿನ್ ಮೂಲದವರು, ಸಲಿಂಗಿಗಳು ಸೇರುತ್ತಿದ್ದ ಜಾಗಗಳಲ್ಲಿ, ಈ ಕುಣಿತ ಬೆಳೆಯಿತು. ನಾಲ್ಕು ಪೆಟ್ಟಿನ ಪಟ್ಟು ಫಿಲಡೆಲ್ಫಿಯದ ಡ್ರಮ್ ವಾದಕ ಅರ್ಲ್ ಯಂಗ್ ಅವರದೆನ್ನುತ್ತಾರೆ. 1977ರ 'ಸ್ಯಾಟರ್‌ಡೆ ನೈಟ್ ಫೀವರ್' ಸಿನಿಮಾದಿಂದ ಅದು ಮನೆಮನೆಗೆ ಹೋಯಿತು. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಹಾರಿಸಿದರು. ಅಲ್ಲಿಗೆ ಅಮೆರಿಕದಲ್ಲಿ ಅದರ ಕಥೆ ಮುಗಿಯಿತೆಂದು ಎಲ್ಲರೂ ತಿಳಿದರು. ಮರುವರ್ಷವೇ, 1980ರಲ್ಲಿ, 'ಕುರ್ಬಾನಿ' ತೆರೆಕಂಡು ಭಾರತದಲ್ಲಿ ಅದರ ಕಥೆ ಶುರುವಾಯಿತು!

ಬೆಂಗಳೂರಿನ ಬಿಡ್ಡು

ಬಿಡ್ಡು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಬಿಷಪ್ ಕಾಟನ್ ಶಾಲೆಯ ವಿದ್ಯಾರ್ಥಿ. ರೇಡಿಯೊ ಸಿಲೋನ್‌ನಲ್ಲಿ ಬರುತ್ತಿದ್ದ ಇಂಗ್ಲಿಷ್ ಹಾಡುಗಳನ್ನು ಕೇಳಿ ಹುಚ್ಚು ಹತ್ತಿಸಿಕೊಂಡವರು. ಅದೇ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತ್‌ಮಾಲಾಕ್ಕೆ ಕಿವಿ ಹಚ್ಚಿದವರು ಲಕ್ಷಾಂತರ, ಆದರೆ ಅದೇ ಪೆಟ್ಟಿಗೆಯಿಂದ ಒಬ್ಬ ಹುಡುಗ ಲಂಡನ್ನಿನ ದಾರಿ ಹಿಡಿದ. ಗೆಳೆಯರೊಂದಿಗೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿ ಬೆಂಗಳೂರು, ಕಲಕತ್ತೆ, ಮುಂಬಯಿಗಳಲ್ಲಿ ಹಾಡಿ, ಅರುವತ್ತರ ದಶಕದ ಕೊನೆಯಲ್ಲಿ ಕೈಯಲ್ಲಿ ಕಾಸಿಲ್ಲದೆ ಲಂಡನ್ ಸೇರಿದರು. ಹೊಟ್ಟೆಪಾಡಿಗೆ ಅಡುಗೆಮನೆಯ ಕೆಲಸವೂ ಸೇರಿದಂತೆ ಸಿಕ್ಕಿದ್ದನ್ನು ಮಾಡಿದರು. ದುಡಿದದ್ದರಲ್ಲಿ ಉಳಿಸಿ ಗಂಟೆಯ ಬಾಡಿಗೆಗೆ ಸ್ಟುಡಿಯೊ ಹಿಡಿಯುತ್ತಿದ್ದರು.

1974ರ ಸಂಗತಿ ಬಹಳ ಸ್ವಾರಸ್ಯದ್ದು. ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಎಂಬ ಗಾಯಕರಿಂದ ಬಿಡ್ಡು ಒಂದು ಹಾಡು ಹಾಡಿಸಬೇಕಾಗಿತ್ತು. ಮೂರು ಗಂಟೆಗಳ ಸ್ಟುಡಿಯೊ ಬಾಡಿಗೆ. ಆ ಕಾಲದ ಸಣ್ಣ ರೆಕಾರ್ಡಿಗೆ ಎರಡು ಬದಿ, ಒಂದು ಬದಿಗೆ ಮುಖ್ಯ ಹಾಡು, ಇನ್ನೊಂದು ಬದಿ ತುಂಬಿಸಲು ಏನಾದರೊಂದು ಬೇಕು. ಮುಖ್ಯ ಹಾಡಿಗೆ ಹೆಚ್ಚುಕಡಿಮೆ ಎಲ್ಲ ಹೊತ್ತೂ ಹೋಯಿತು. ಉಳಿದ ಹತ್ತು ನಿಮಿಷದಲ್ಲಿ ಅವಸರದಿಂದ ಮುಗಿಸಿದ ಹಿಂಬದಿಯ ಹಾಡು 'ಕುಂಗ್ ಫೂ ಫೈಟಿಂಗ್'. ರೆಕಾರ್ಡ್ ಕಂಪನಿಯವರು ಅದನ್ನು ಕೇಳಿ ಬದಿ ತಿರುಗಿಸಿದರು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದೇ ವರ್ಷ ಒಂದನೆಯ ಸ್ಥಾನ. ಮಾರಾಟವಾದ ಪ್ರತಿಗಳು 1 ಕೋಟಿ 10 ಲಕ್ಷ ಎಂದು ಲೆಕ್ಕ ಹೇಳುತ್ತಾರೆ. ಹತ್ತು ನಿಮಿಷದ ಬಾಡಿಗೆಗೆ ಇಂಥ ಪ್ರತಿಫಲ ಯಾವ ಠೇವಣಿಯೂ ಕೊಟ್ಟಿರಲಿಕ್ಕಿಲ್ಲ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಹಾಡಿನಿಂದ ಬಿಡ್ಡು ಬ್ರಿಟನ್ನಿನಲ್ಲಿ ಮತ್ತೊಮ್ಮೆ ಒಂದನೆಯ ಸ್ಥಾನಕ್ಕೆ ಬಂದರು. ಇಂಗ್ಲೆಂಡಿನ ಡಿಸ್ಕೊ ಎಂದರೆ ಬಿಡ್ಡು ಎನ್ನುವ ಮಾತು ಹುಟ್ಟಿತು.

ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲಿಯೇ, ಓದಿದ್ದರಲ್ಲಿ ಅದೇ ಬಿಷಪ್ ಕಾಟನ್ ಶಾಲೆಯೂ ಸೇರಿದೆ. 'ಕುರ್ಬಾನಿ' ಚಿತ್ರದ ಇತರ ಹಾಡುಗಳನ್ನು ಕಲ್ಯಾಣ್‌ಜಿ-ಆನಂದ್‌ಜಿ ಮಾಡಿದ್ದರು. ಒಂದೇ ಒಂದು ಹಾಡಿಗೆ ಫಿರೋಜ್ ಖಾನ್ ಲಂಡನ್ನಿನ ಬಿಡ್ಡು ಅವರ ಬೆನ್ನು ಹತ್ತಿದರು. ಹಾಡುವವಳು ನಾಜಿಯಾ ಹಸನ್, ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ 15ರ ಶಾಲಾ ಬಾಲಕಿ. ಸಾಹಿತ್ಯ ಇಂದೀವರ್ ಅವರದು, ತೆರೆಯ ಮೇಲೆ ಜೀನತ್ ಅಮಾನ್. 'ಆಪ್ ಜೈಸಾ ಕೋಯಿ' ಮುಂದೆ ಏನಾಯಿತೆಂದು ಹೇಳಬೇಕಾಗಿಲ್ಲ. ಹಿನ್ನೆಲೆ ಗಾಯನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಆ ಬಾಲಕಿಗೆ ಸಂದಿತು. ಬೆಂಗಳೂರಿನ ಇಬ್ಬರು, ಕರಾಚಿಯ ಒಬ್ಬಳು, ಲಂಡನ್ನಿನ ಸ್ಟುಡಿಯೊ, ಮುಂಬಯಿಯ ಸಿನಿಮಾ. ಇದಕ್ಕಿಂತ ವಲಸೆಯ ಹಾಡು ಬೇರೆ ಬೇಕೆ?

ಅದರ ಬೆನ್ನಿಗೇ 1981ರಲ್ಲಿ ಬಿಡ್ಡು ಅವರು ನಾಜಿಯಾ ಮತ್ತು ಅವರ ತಮ್ಮ ಜೊಹೆಬ್ ಹಸನ್ ಅವರೊಂದಿಗೆ 'ಡಿಸ್ಕೊ ದಿವಾನೆ' ಆಲ್ಬಮ್ ತಂದರು. ಇಂದಿನವರಿಗೆ ಇದರ ಧೈರ್ಯ ಅರ್ಥವಾಗುವುದು ಕಷ್ಟ. ಅಂದು ನಮ್ಮಲ್ಲಿ ರೆಕಾರ್ಡ್ ಎಂದರೆ ಸಿನಿಮಾ ಹಾಡು. ಸಿನಿಮಾದ ಹೊರಗೆ ಮಾರಾಟವಾಗುತ್ತಿದ್ದದ್ದು ಭಜನೆ, ಗಜಲು, ಶಾಸ್ತ್ರೀಯ ಸಂಗೀತ. ಸಿನಿಮಾವಿಲ್ಲ, ನಾಯಕನಿಲ್ಲ, ಕಥೆಯಿಲ್ಲ, ಬರಿಯ ಹಾಡಿನ ತಟ್ಟೆಯನ್ನು ಯುವಕರು ಕೊಳ್ಳುತ್ತಾರೆ ಎಂದು ನಂಬಿ ಹಣ ಹಾಕುವುದು ಜಾಮೀನಿಲ್ಲದ ಸಾಲ ಕೊಟ್ಟಂತೆ. ಎಚ್‌ಎಂವಿ ಬಿಡುಗಡೆ ಮಾಡಿದ ಆ ತಟ್ಟೆ ಭಾರತ, ಪಾಕಿಸ್ತಾನಗಳಲ್ಲದೆ ದೂರದ ದೇಶಗಳಲ್ಲೂ ಮಾರಾಟವಾಯಿತು. ಮುಂದೆ ಬಂದ 'ಬೂಮ್ ಬೂಮ್' (1982), 'ಯಂಗ್ ತರಂಗ್' (1984) ಎಲ್ಲವೂ ಅದೇ ದಾರಿಯವು. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಕೂಡ ಬಿಡ್ಡು ಅವರದೇ ಸಂಗೀತ. ಇಂಡಿಪಾಪ್ ಎಂದು ಹೆಸರಿಟ್ಟುಕೊಂಡ ತೊಂಬತ್ತರ ದಶಕದ ಇಡೀ ವ್ಯಾಪಾರಕ್ಕೆ ಮೊದಲ ಪಾಯ ಹಾಕಿದವರು ಹೀಗೆ ಒಬ್ಬ ಬೆಂಗಳೂರಿನವರು. ನಾಜಿಯಾ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. 35 ವರ್ಷ, ಅಷ್ಟೇ. 2012ರ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರದಲ್ಲಿ 'ಡಿಸ್ಕೊ ದಿವಾನೆ' ಮತ್ತೆ ಮೊಳಗಿದಾಗ ಕುಣಿದ ಮಕ್ಕಳು ಆಕೆ ಹಾಡಿದಾಗ ಹುಟ್ಟಿರಲಿಲ್ಲ.

ನಮ್ಮ ಬೀದಿಗಳಲ್ಲಿ

ಎಂಬತ್ತರ ದಶಕದಲ್ಲಿ ಥಾಣೆಯಿಂದ ಕಲ್ಯಾಣಿನ ತನಕದ ಉಪನಗರಗಳಲ್ಲಿ ಡಿಸ್ಕೊ ಕ್ಲಬ್ ಎಂಬುದು ಎಲ್ಲಿತ್ತು? ಡಿಸ್ಕೊ ಇದ್ದದ್ದು ಪೆಂಡಾಲಿನಲ್ಲಿ. ಗಣಪತಿ ವಿಸರ್ಜನೆಗೆ ಬೆಂಜೊ ಪಾರ್ಟಿ, ನವರಾತ್ರಿಗೆ ದಾಂಡಿಯಾ. ಕಲ್ಯಾಣ್‌ಜಿ-ಆನಂದ್‌ಜಿ ಅವರ ತಮ್ಮ ಬಾಬ್ಲಾ 'ಡಿಸ್ಕೊ ದಾಂಡಿಯಾ' ಎಂದು ಹೊಸ ಬೆರಕೆ ಮಾಡಿದರು. ಅವರ ಪತ್ನಿ ಕಾಂಚನ್ 'ಕುರ್ಬಾನಿ'ಯ 'ಲೈಲಾ' ಹಾಡಿನ ಗಾಯಕಿ. ಗುಜರಾತಿ ಕೋಲಾಟಕ್ಕೂ ನ್ಯೂಯಾರ್ಕಿನ ನಾಲ್ಕು ಪೆಟ್ಟಿಗೂ ಜಗಳವೇ ಆಗಲಿಲ್ಲ, ಏಕೆಂದರೆ ಕೋಲು ಕೋಲಿಗೆ ತಾಗುವ ಎಣಿಕೆಯೂ ಅದೇ. ಬಪ್ಪಿ ಲಾಹಿರಿ ಅವರ 'ಡಿಸ್ಕೊ ಡಾನ್ಸರ್' 1982ರ ಕೊನೆಯಲ್ಲಿ ಬಂದ ಮೇಲಂತೂ ಕೇಳುವುದೇ ಬೇಡ, ಬಿಳಿ ಪ್ಯಾಂಟು, ಹಣೆಗೆ ಪಟ್ಟಿ ಕಟ್ಟದ ಹುಡುಗ ಯಾವ ಚಾಳಿನಲ್ಲಿದ್ದ?

ಕನ್ನಡದಲ್ಲೂ ಈ ಗಾಳಿ ಬೀಸಿತು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಶಂಕರ್ ನಾಗ್ ತಮ್ಮ 'ಗೀತಾ' ಚಿತ್ರವನ್ನು ತಂದದ್ದು 'ಡಿಸ್ಕೊ ದಿವಾನೆ' ಬಂದ 1981ರಲ್ಲೇ. ಇಳಯರಾಜಾ ಅವರ ಸಂಗೀತದಲ್ಲಿ ಎಸ್ಪಿಬಿ ಹಾಡಿದ ಅದರ ಕುಣಿತದ ಹಾಡು ಇಂದಿಗೂ ಸಂಘದ ಕಾರ್ಯಕ್ರಮಗಳಲ್ಲಿ ಮಧ್ಯವಯಸ್ಕರನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ದ್ವಾರಕೀಶ್ ಅವರ 'ಆಫ್ರಿಕಾದಲ್ಲಿ ಶೀಲಾ' (1986) ಚಿತ್ರಕ್ಕೆ ಬಪ್ಪಿ ಲಾಹಿರಿ ಅವರೇ ಸಂಗೀತ ಕೊಟ್ಟರು. ಮರುವರ್ಷ ಹಂಸಲೇಖ ಅವರ 'ಪ್ರೇಮಲೋಕ' ಬಂದು ಕ್ಯಾಸೆಟ್ ಅಂಗಡಿಗಳನ್ನು ಮುಳುಗಿಸಿತು. ಊರಿನಿಂದ ಬಸ್ಸಿನಲ್ಲಿ ಬಂದವರ ಚೀಲದಲ್ಲಿ ಕುಚ್ಚಲಕ್ಕಿ, ಹಪ್ಪಳದ ಜೊತೆ ಕ್ಯಾಸೆಟ್ಟೂ ಬರುತ್ತಿದ್ದ ಕಾಲ.

ಇದೇ ಮುಂಬಯಿಯಲ್ಲಿ 1982ರಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಆಯಿತು. ಸಿನಿಮಾ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣ್‌ಜಿತ್ ಸಿಂಗ್ ಎಂಬ ವಾದಕರು ಜಪಾನಿನ ಹೊಸ ಎಲೆಕ್ಟ್ರಾನಿಕ್ ಯಂತ್ರಗಳನ್ನು ಕೊಂಡುತಂದು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಎಚ್‌ಎಂವಿಗೆ ಒಂದು ಆಲ್ಬಮ್ ಮಾಡಿಕೊಟ್ಟರು. ಕೊಳ್ಳುವವರೇ ಇರಲಿಲ್ಲ. ಇಪ್ಪತ್ತು ವರ್ಷಗಳ ನಂತರ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ಆ ಹಳೆಯ ತಟ್ಟೆ ಸಿಕ್ಕಿತು. ಕೇಳಿ ಬೆಚ್ಚಿಬಿದ್ದು, ಮುಂಬಯಿಗೆ ಬಂದು, ಮುದುಕರಾಗಿದ್ದ ಚರಣ್‌ಜಿತ್ ಅವರನ್ನು ಹುಡುಕಿ ಕಂಡರು. 2010ರಲ್ಲಿ ಆಲ್ಬಮ್ ಯುರೋಪಿನಲ್ಲಿ ಮತ್ತೆ ಬಿಡುಗಡೆಯಾಯಿತು. 2015ರಲ್ಲಿ ತೀರಿಕೊಳ್ಳುವ ಮೊದಲು ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿದರು. ಲಕೋಟೆಯ ಮೇಲೆ ಅವರ ಹೆಸರು, ಚಿತ್ರ ಅಚ್ಚಾಗಿದ್ದರಿಂದ ಇದಾಯಿತು. ಹೆಸರಿಲ್ಲದ ಕಳ್ಳ ಕ್ಯಾಸೆಟ್ಟಿನಲ್ಲಿ ಅದೇ ರಾಗಗಳಿದ್ದಿದ್ದರೆ ಯಾರು ಯಾರನ್ನು ಹುಡುಕಿಕೊಂಡು ಬರುತ್ತಿದ್ದರು?

ದೊಡ್ಡ ತಟ್ಟೆಯ ಲಕೋಟೆಯಲ್ಲಿ ಸಂಗೀತ, ಸಾಹಿತ್ಯ, ಗಾಯನ, ಧ್ವನಿಮುದ್ರಣ ಎಲ್ಲ ಹೆಸರೂ ಇರುತ್ತಿತ್ತು. ಕ್ಯಾಸೆಟ್ಟಿನ ಚೀಟಿಯಲ್ಲಿ ಅಕ್ಷರ ಚಿಕ್ಕದಾಯಿತು. ಸೀಡಿಯಲ್ಲಿ ನೂರು ಹಾಡು ತುಂಬಿ ಮಾರುವವರು ಹೆಸರು ಬಿಟ್ಟರು. ಪೆನ್‌ಡ್ರೈವಿನಲ್ಲಿ 'ಟ್ರ್ಯಾಕ್ 07' ಎಂದಷ್ಟೇ ಉಳಿಯಿತು. ಮಗಳ ನೃತ್ಯಕ್ಕೆ ಪೆನ್‌ಡ್ರೈವ್ ಹಿಡಿದು ಸೌಂಡ್‌ನವರ ಮುಂದೆ ಸಾಲುಗಟ್ಟಿ ನಿಂತ ಪೋಷಕರಿಗೆ ಅದರಲ್ಲಿರುವುದು ಯಾರ ಹಾಡೆಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ.

ತಾಳ ಎಲ್ಲರದು, ಹೆಸರು ಒಬ್ಬರದು

ಮರಳಿ 'ಫ್ಯೂಚರ್ ನೊಸ್ಟಾಲ್ಜಿಯಾ'ಕ್ಕೆ ಬಂದರೆ ಹೊರಗಿನವರು ಈ ಲೆಕ್ಕವನ್ನು ಎಷ್ಟು ಕಟ್ಟುನಿಟ್ಟಾಗಿ ಇಡುತ್ತಾರೆಂದು ತಿಳಿಯುತ್ತದೆ. ಆ ಆಲ್ಬಮ್ಮಿನ 'ಲವ್ ಅಗೇನ್' ಹಾಡಿನಲ್ಲಿ ಕೇಳುವ ತುತ್ತೂರಿಯ ತುಣುಕು 1932ರ 'ಮೈ ವುಮನ್' ಎಂಬ ಹಾಡಿನದು. ಆ ತುಣುಕನ್ನು 1997ರಲ್ಲಿ ಮತ್ತೆ ಜನಪ್ರಿಯಗೊಳಿಸಿದವರು 'ವೈಟ್ ಟೌನ್' ಎಂಬ ಹೆಸರಿನ ಜ್ಯೋತಿ ಮಿಶ್ರಾ, ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು. ತೊಂಬತ್ತು ವರ್ಷ ಹಿಂದಿನ ಹಾಡು ಬರೆದವರ ಹೆಸರು 2020ರ ಆಲ್ಬಮ್ಮಿನಲ್ಲಿದೆ. 'ಬ್ರೇಕ್ ಮೈ ಹಾರ್ಟ್' ಹಾಡು ಆಸ್ಟ್ರೇಲಿಯದ ಐಎನ್‌ಎಕ್ಸ್‌ಎಸ್ ತಂಡದ ಹಳೆಯ ಹಾಡೊಂದನ್ನು ಹೋಲುವುದರಿಂದ ಅದನ್ನು ಮಾಡಿದ ಇಬ್ಬರ ಹೆಸರೂ ಸೇರಿದೆ. ಅವರಲ್ಲಿ ಒಬ್ಬರು 1997ರಲ್ಲೇ ತೀರಿಕೊಂಡವರು.

ಆದರೂ ಮೊಕದ್ದಮೆ ತಪ್ಪಲಿಲ್ಲ. 1979 ಮತ್ತು 1980ರ ತಮ್ಮ ಎರಡು ಡಿಸ್ಕೊ ಹಾಡುಗಳನ್ನು 'ಲೆವಿಟೇಟಿಂಗ್' ನಕಲು ಮಾಡಿದೆಯೆಂದು ಇಬ್ಬರು ಹಿರಿಯ ಗೀತರಚನಕಾರರು 2022ರಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಒಂದು ಶೈಲಿಗೆ ಸಾಮಾನ್ಯವಾದ ಗುಣಗಳನ್ನು ಯಾರೂ ತಮ್ಮ ಸ್ವತ್ತೆಂದು ಹೇಳಲಾಗದು ಎಂಬುದು ತೀರ್ಪಿನ ಸಾರ. ಇದು ಸರಿಯಾದ ತೀರ್ಪೇ. ನಾಲ್ಕು ಪೆಟ್ಟಿಗೆ ಹಕ್ಕುಪತ್ರ ಕೊಟ್ಟರೆ ನಾಳೆ ಭಜನೆಯ ತಾಳಕ್ಕೂ ಯಾರಾದರೂ ರಸೀದಿ ಹಿಡಿದುಕೊಂಡು ಬಂದಾರು.

ಹೆಸರಿನ ವಿಚಾರದಲ್ಲಿ ನಮ್ಮವರೂ ಒಮ್ಮೆ ಗೆದ್ದದ್ದುಂಟು. ಬಪ್ಪಿ ಲಾಹಿರಿ ಅವರು ಪರರ ಟ್ಯೂನುಗಳನ್ನು ಧಾರಾಳವಾಗಿ ಎತ್ತಿಕೊಂಡವರೆಂಬ ಆಕ್ಷೇಪ ಇದ್ದದ್ದೇ. ಆದರೆ 1981ರ 'ಜ್ಯೋತಿ' ಚಿತ್ರಕ್ಕಾಗಿ ಲತಾ ಮಂಗೇಶ್ಕರ್ ಹಾಡಿದ ಅವರ ಹಾಡನ್ನು ಅಮೆರಿಕದವರು 2002ರಲ್ಲಿ ಹೇಳದೆ ಕೇಳದೆ ತಮ್ಮ 'ಅಡಿಕ್ಟಿವ್' ಹಾಡಿನಲ್ಲಿ ಬಳಸಿದಾಗ ಅವರು ಸುಮ್ಮನಿರಲಿಲ್ಲ. ಬಪ್ಪಿಯವರ ಹೆಸರು ಹಾಕದೆ ಆ ಆಲ್ಬಮ್ ಮಾರಬಾರದೆಂದು 2003ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು.

ದುವಾ ಲಿಪಾ 2024ರ ನವೆಂಬರ್ 30ರಂದು ಮತ್ತೆ ಬಂದರು, ಈ ಬಾರಿ ಬಾಂದ್ರಾ-ಕುರ್ಲಾ ಸಂಕೀರ್ಣದ ಮೈದಾನಕ್ಕೆ. ಅಷ್ಟರೊಳಗೆ ಯಾರೋ 'ಲೆವಿಟೇಟಿಂಗ್' ಹಾಡನ್ನು 1999ರ 'ಬಾದ್‌ಶಾ' ಚಿತ್ರದ 'ವೋ ಲಡ್ಕಿ ಜೋ' ಹಾಡಿನೊಂದಿಗೆ ಬೆರೆಸಿದ್ದು ಮೊಬೈಲುಗಳಲ್ಲಿ ಹಬ್ಬಿತ್ತು. ಆಕೆ ಅದೇ ಬೆರಕೆಗೆ ವೇದಿಕೆಯಲ್ಲಿ ಕುಣಿದಾಗ ಜನ ಹುಚ್ಚೆದ್ದರು. ಮರುದಿನ ಎಲ್ಲೆಡೆ ಶಾರುಖ್ ಖಾನ್ ಹೆಸರು. ಹಾಡಿದ ಅಭಿಜಿತ್, ಸಂಗೀತ ಕೊಟ್ಟ ಅನು ಮಲಿಕ್ ಇವರನ್ನು ಯಾರೂ ನೆನೆಯಲಿಲ್ಲವಲ್ಲ ಎಂದು ಅಭಿಜಿತ್ ಅವರ ಮನೆಯವರು ಬಹಿರಂಗವಾಗಿ ನೊಂದುಕೊಂಡರು. ಕೆಲವರು ಅದನ್ನು ಹಾಸ್ಯ ಮಾಡಿದರು. ಹಾಸ್ಯದ ವಿಷಯ ಅದಲ್ಲ. ಪರದೆಯ ಮೇಲೆ ತುಟಿ ಆಡಿಸಿದವರ ಖಾತೆಗೆ ಜಮೆಯಾದದ್ದು ಗಂಟಲು ಕೊಟ್ಟವರದು.

ಹೆಸರೆಂದರೆ ಬರಿಯ ಗೌರವವಲ್ಲ, ಹಣವೂ ಹೌದು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಿನಿಮಾ ಹಾಡಿನ ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಸಿಂಧುವಲ್ಲ. ವಾರಸುದಾರರಿಗೆ ಮತ್ತು ಕೃತಿಸ್ವಾಮ್ಯ ಸಂಸ್ಥೆಗೆ ಮಾತ್ರ ಅದನ್ನು ವರ್ಗಾಯಿಸಬಹುದು. ಕೃತಿಕಾರರು ತೀರಿಕೊಂಡು 60 ವರ್ಷಗಳ ತನಕ ಹಕ್ಕು ನಡೆಯುತ್ತದೆ. ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮೇಲೆ 60 ವರ್ಷ, ಆದ್ದರಿಂದ 'ಡಿಸ್ಕೊ ದಿವಾನೆ'ಯ ಧ್ವನಿಮುದ್ರಣದ ಹಕ್ಕು 2041ರ ಕೊನೆಯ ತನಕ ಜೀವಂತ. ಧಾರ್ಮಿಕ ವಿಧಿ, ಮದುವೆ ಇಂಥವಕ್ಕೆ ಕಾಯಿದೆಯಲ್ಲಿ ವಿನಾಯಿತಿಯಿದೆ. ಟಿಕೆಟ್ ಇಟ್ಟು, ಪ್ರಾಯೋಜಕರನ್ನು ಹಿಡಿದು ಸಂಗೀತರಾತ್ರಿ ಮಾಡುವ ಸಂಘಗಳ ಪದಾಧಿಕಾರಿಗಳು ಮಾತ್ರ ಪರವಾನಗಿಯ ಪ್ರಶ್ನೆಯನ್ನು ಸಭಾಗೃಹ ಕಾದಿರಿಸುವ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು, ಕೊನೆಯ ಗಳಿಗೆಯಲ್ಲಿ ನೋಟಿಸು ಹಿಡಿದು ಓಡಾಡುವುದಕ್ಕಿಂತ.

ಸಂಘದ ವೇದಿಕೆಯಲ್ಲಿ ಮಕ್ಕಳು ಸಿನಿಮಾ ಹಾಡಿಗೆ ಕುಣಿಯಬೇಕೆ, ಭರತನಾಟ್ಯ-ಯಕ್ಷಗಾನ ಮಾತ್ರ ಇರಬೇಕೆ ಎಂಬ ಚರ್ಚೆ ಪ್ರತಿ ವರ್ಷ ಕಾರ್ಯಕಾರಿ ಸಮಿತಿಯಲ್ಲಿ ಎದ್ದು ಪ್ರತಿ ವರ್ಷ ಚಹಾದೊಂದಿಗೆ ಮುಗಿಯುವಂಥದು. ಕುಣಿಯಲಿ. ಕನ್ನಡ ಓದಲು ಬಾರದ ಮೂರನೆಯ ತಲೆಮಾರಿನ ಮಗು ಸಂಘದ ಮೆಟ್ಟಿಲು ಹತ್ತುವುದು ಬಹಳ ಸಲ ಆ ಒಂದು ಕುಣಿತಕ್ಕಾಗಿಯೇ. ಕೊಸೊವೊ ದಂಪತಿಯ ಮಗಳು ಅಪ್ಪ-ಅಮ್ಮನ ಹಳೆಯ ಹಾಡುಗಳನ್ನು ಹಿಡಿದು ಜಗತ್ತಿನ ಮುಂದೆ ನಿಂತಳಲ್ಲ, ಅದಕ್ಕೆ ಅವಳ ಮನೆಯಲ್ಲಿ ಆ ಹಾಡುಗಳನ್ನು ಮಾಡಿದವರ ಹೆಸರು ಗೊತ್ತಿತ್ತು. ನಮ್ಮ ಮನೆಗಳಲ್ಲಿ ಅಷ್ಟು ಹೇಳಿಕೊಡುವವರು ಯಾರು?

ಬಿಡ್ಡು ಅವರು ತಮ್ಮ ಕಥೆಯನ್ನು 2010ರಲ್ಲಿ 'ಮೇಡ್ ಇನ್ ಇಂಡಿಯಾ' ಎಂಬ ಹೆಸರಿನಲ್ಲಿಯೇ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ್ದಾರೆ. ಸಂಘಗಳ ವಾಚನಾಲಯದ ಕಪಾಟಿನಲ್ಲಿ ಅದಕ್ಕೊಂದು ಜಾಗ ಇರಬಹುದು. ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ ಜ್ಞಾನಪೀಠ ಪುರಸ್ಕೃತರ ಪ್ರಶ್ನೆಯ ಕೆಳಗೆ, 'ಕುಂಗ್ ಫೂ ಫೈಟಿಂಗ್' ಮಾಡಿದ ಬೆಂಗಳೂರಿನವರು ಯಾರು ಎಂದೂ ಒಂದು ಕೇಳಬಹುದು. ಇನ್ನು ನೃತ್ಯದ ಅರ್ಜಿ ನಮೂನೆ. ಅದರಲ್ಲಿ ಮಗುವಿನ ಹೆಸರು, ಪೋಷಕರ ಹೆಸರು, ದೂರವಾಣಿ, ಹಾಡಿನ ಅವಧಿ ಎಂಬ ಕಲಮುಗಳಿರುತ್ತವೆ. ಅವುಗಳ ಕೆಳಗೆ ಸಂಗೀತ, ಸಾಹಿತ್ಯ, ಗಾಯನ ಎಂದು ಮತ್ತೊಂದು ಸಾಲು ಸೇರಿಸಿ, ನಿರೂಪಕರ ಕೈಗೆ ಆ ಚೀಟಿ ಕೊಟ್ಟರೆ ಓದಲು ಹಿಡಿಯುವುದು ಹತ್ತು ಸೆಕೆಂಡು. ಡಿಸ್ಕೊ ಲೆಕ್ಕದಲ್ಲಿ ಇಪ್ಪತ್ತು ಪೆಟ್ಟು.